ಹತ್ತು ಮಂಟಪ, ಒಂದು ರಸೀದಿ ಪುಸ್ತಕ

ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ನಿದ್ದೆ ಮಾಡುತ್ತೇನೆ ಎಂದು ಯಾರಾದರೂ ಹೇಳಿದರೆ, ಅವರು ಊರಿಗೆ ಹೊಸಬರು ಎಂದೇ ಅರ್ಥ. ಹಗಲು ಮೈಸೂರಿನಲ್ಲಿ ಆನೆ ಅಂಬಾರಿ ಹೊತ್ತು ಹೋಗುವುದನ್ನು ನೋಡಿ, ಸಂಜೆ ಬಸ್ಸು ಹತ್ತಿ, ನೂರಿಪ್ಪತ್ತು ಕಿಲೋಮೀಟರ್ ಘಟ್ಟದ ದಾರಿ ಸವೆಸಿ, ರಾತ್ರಿ ನಮ್ಮೂರಿಗೆ ಬಂದು ಇಳಿಯುವ ಜನರಿದ್ದಾರೆ. ಅವರು ಬರುವ ಹೊತ್ತಿಗೆ ನಮ್ಮ ಮೆರವಣಿಗೆ ಇನ್ನೂ ಕಣ್ಣು ಬಿಡುತ್ತಿರುತ್ತದೆ. ಮೈಸೂರು ದಸರಾ ಮುಗಿಯುವಲ್ಲಿಂದ ಮಡಿಕೇರಿ ದಸರಾ ಶುರು. ಬೆಳಗಿನ ಮಂಜು ಇಳಿಯುವವರೆಗೆ ಹತ್ತು ದೇವಸ್ಥಾನಗಳ ಹತ್ತು ಮಂಟಪಗಳು ಈ ಏರುತಗ್ಗಿನ ಊರಿನ ಇಕ್ಕಟ್ಟು ರಸ್ತೆಗಳಲ್ಲಿ ತೆವಳುತ್ತ ಸಾಗುತ್ತವೆ. ಒಂದೊಂದು ಮಂಟಪವೂ ಒಂದೊಂದು ಪುರಾಣದ ಕಥೆ. ಕಣ್ಣು ಹೊರಳಿಸುವ ರಾಕ್ಷಸ, ಬಾಯಿಂದ ಬೆಂಕಿ, ಎದ್ದು ನಿಲ್ಲುವ ದೇವಿ, ಹೊಗೆ, ಮಿಂಚು, ಎದೆಗೂಡು ನಡುಗಿಸುವ ಸದ್ದು.

ನಾನು ಈ ಊರಿನವಳು. ಬಿ.ಕಾಂ. ಮುಗಿಸಿ, ಎರಡು ವರ್ಷ ಕೆಲಸ ಹುಡುಕುತ್ತ, ಪರೀಕ್ಷೆಗಳಿಗೆ ಓದುತ್ತ ಮನೆಯಲ್ಲಿದ್ದೆ. ಆ ಎರಡು ವರ್ಷ ನಮ್ಮ ಕೇರಿಯ ಮಂಟಪ ಸಮಿತಿಯ ಲೆಕ್ಕ ಬರೆದೆ. ಯಾವ ಮಂಟಪ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಒಂಬತ್ತು ಕೇರಿಯ ಗೆಳತಿಯರು ಈ ಲೇಖನವನ್ನು ಇಲ್ಲಿಗೇ ಓದಿ ನಿಲ್ಲಿಸುತ್ತಾರೆ!

ಮೊದಲು ಹತ್ತರ ಹೆಸರು ಹೇಳಿಬಿಡುತ್ತೇನೆ. ಪೇಟೆ ಶ್ರೀರಾಮ ಮಂದಿರ, ದೇಚೂರು ಶ್ರೀರಾಮ ಮಂದಿರ, ದಂಡಿನ ಮಾರಿಯಮ್ಮ, ಚೌಡೇಶ್ವರಿ, ಕಂಚಿ ಕಾಮಾಕ್ಷಿಯಮ್ಮ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ಕೋಟೆ ಮಾರಿಯಮ್ಮ, ಕೋಟೆ ಮಹಾಗಣಪತಿ, ಕೋದಂಡರಾಮ, ಕರವಲೆ ಭಗವತಿ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಇದು ದೇವರ ಪಟ್ಟಿ ಮಾತ್ರವಲ್ಲ, ಮಡಿಕೇರಿ ಹೇಗೆ ಊರಾಯಿತು ಎಂಬುದರ ನಕ್ಷೆ. ಕೋಟೆ ಎಂದರೆ 1681ರಲ್ಲಿ ಮುದ್ದುರಾಜ ಹಾಲೇರಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಎದ್ದದ್ದು. ದಂಡು ಎಂದರೆ ಸೈನ್ಯ. ಪೇಟೆ ಎಂದರೆ ವ್ಯಾಪಾರ. ಕಂಚಿ ಕಾಮಾಕ್ಷಿ ಎಂದಾಗ ತಮಿಳು ಸೀಮೆ ನೆನಪಾಗುತ್ತದೆ, ಭಗವತಿ ಎಂದಾಗ ಮಲೆಯಾಳ ಸೀಮೆ. ಅರಸರ ಕಾಲದಿಂದ ಹಿಡಿದು ಕಾಫಿ ತೋಟಗಳ ಕಾಲದವರೆಗೆ ಯಾರ್ಯಾರೋ ಎಲ್ಲೆಲ್ಲಿಂದಲೋ ಬಂದು ಈ ಗುಡ್ಡದ ಮೇಲೆ ನೆಲೆಸಿದರು. ಬರುವಾಗ ತಮ್ಮ ದೇವರನ್ನೂ ಕರೆತಂದರು. ವರ್ಷಕ್ಕೊಂದು ರಾತ್ರಿ ಆ ದೇವರೆಲ್ಲ ಒಂದೇ ರಸ್ತೆಯಲ್ಲಿ ಸಾಲಾಗಿ ನಿಲ್ಲುತ್ತಾರೆ.

ಹಬ್ಬ ಶುರುವಾಗುವುದು ಮಂಟಪಗಳಿಂದಲ್ಲ, ಕರಗದಿಂದ. ಮಹಾಲಯ ಅಮಾವಾಸ್ಯೆಯ ಮರುದಿನ ಸಂಜೆ ಪಂಪಿನ ಕೆರೆಯ ದಂಡೆಯಲ್ಲಿ ನಾಲ್ಕು ಶಕ್ತಿ ದೇವತೆಗಳ ಕರಗಗಳನ್ನು ಕಟ್ಟುತ್ತಾರೆ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ. ಅರಸರ ಕಾಲದಲ್ಲಿ ಊರಿಗೆ ಮಾರಕ ರೋಗ ಬಂದು ಜನ ಸಾಯತೊಡಗಿದಾಗ ದೇವಿಗೆ ಹರಕೆ ಹೊತ್ತು ಕರಗ ಹೊರಡಿಸಿದರು ಎಂಬುದು ಹಿರಿಯರು ಹೇಳಿಕೊಂಡು ಬಂದ ಮಾತು. ನವರಾತ್ರಿಯ ದಿನಗಳಲ್ಲಿ ಕರಗ ಮನೆ ಮನೆಯ ಮುಂದೆ ಬರುತ್ತದೆ. ಅಂಗಳ ತೊಳೆದು, ರಂಗೋಲಿ ಹಾಕಿ, ಆರತಿ ತಟ್ಟೆ ಹಿಡಿದು ಕಾಯುತ್ತೇವೆ. ಹತ್ತನೆಯ ರಾತ್ರಿ ಮಂಟಪಗಳು ಹೊರಟಾಗ ಪೇಟೆ ಶ್ರೀರಾಮ ಮಂದಿರದ್ದೇ ಮುಂದು. ಮೆರವಣಿಗೆ ಸೇರುವುದು ಮಹದೇವಪೇಟೆಯ ಬನ್ನಿ ಮರದ ಬಳಿಗೆ.

ನಮ್ಮ ಅಜ್ಜನಿಗೆ ಈಗಿನ ಮಂಟಪ ಎಂದರೆ ಅಷ್ಟಕ್ಕಷ್ಟೆ. "ನಾವು ಹೆಗಲ ಮೇಲೆ ಹೊತ್ತೋರು, ನೀವು ಟ್ರ್ಯಾಕ್ಟರ್ ಮೇಲೆ ಹೊರೋರು" ಅನ್ನುತ್ತಾರೆ. ಅವರು ಹೇಳುವ ಪ್ರಕಾರ ಆಗ ಮಂಟಪ ಎಂದರೆ ಬಿದಿರಿನ ಚೌಕಟ್ಟು, ಬಾಳೆದಿಂಡು, ಮಾವಿನೆಲೆ, ಒಳಗೆ ದೇವರ ಮೂರ್ತಿ ಅಥವಾ ಪಟ. ಸುತ್ತ ದೀವಟಿಗೆ. ಆಮೇಲೆ ಗ್ಯಾಸ್‌ಲೈಟ್ ಬಂತು. ಭಜನೆ ಹೇಳುತ್ತ ಹೋಗುವುದು, ಏರು ಬಂದಾಗ ಹೆಗಲು ಬದಲಿಸುವುದು. ಮಡಿಕೇರಿಯಲ್ಲಿ ಏರು ಬರದ ರಸ್ತೆ ಯಾವುದು? ಹೆಗಲಿನಿಂದ ಮಂಟಪ ಗಾಡಿಗೆ ಇಳಿಯಿತು, ಗಾಡಿಯಿಂದ ಲಾರಿಗೆ, ಲಾರಿಯಿಂದ ಟ್ರ್ಯಾಕ್ಟರ್‌ಗೆ. ಕರೆಂಟು ಬಂದ ಮೇಲೆ ಬಣ್ಣದ ಬಲ್ಬು, ಜನರೇಟರ್ ಬಂದ ಮೇಲೆ ದೊಡ್ಡ ದೀಪದ ಬೋರ್ಡು, ಮೋಟರ್ ಬಂದ ಮೇಲೆ ಕೈ ಆಡಿಸುವ ರಾಕ್ಷಸ. ಈಗ ಒಂದು ಮಂಟಪಕ್ಕೆ ಎರಡು ಟ್ರ್ಯಾಕ್ಟರ್ ಜೋಡಿಸುವುದು ಸಾಮಾನ್ಯ. ಕಥೆಯ ಸಂಭಾಷಣೆಯನ್ನು ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡಿಸುತ್ತಾರೆ. ತೀರ್ಪುಗಾರರು ಬಂದು ನೋಡಿ ಅಂಕ ಹಾಕುತ್ತಾರೆ. ಮೊದಲ ಬಹುಮಾನ ಯಾರಿಗೆ ಎಂಬುದರ ಚರ್ಚೆ ಮುಂದಿನ ದಸರಾದವರೆಗೂ ಚಹಾದಂಗಡಿಗಳಲ್ಲಿ ನಡೆಯುತ್ತದೆ.

ಇಷ್ಟನ್ನು ನಮ್ಮೂರಿನವರು ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಕುತೂಹಲ ಹುಟ್ಟಿದ್ದು ಬೇರೆ ವಿಷಯಕ್ಕೆ. ಮೆರವಣಿಗೆ ಎಂಬುದು ಯಾರ ಸ್ವತ್ತು? ಮೈಸೂರಿನದ್ದು ಅರಸರದ್ದಾಗಿತ್ತು. ಅರಸೊತ್ತಿಗೆ ಹೋದ ಮೇಲೆ ಸರ್ಕಾರದ್ದಾಯಿತು. ಅಂಬಾರಿಯಲ್ಲಿ ಕೂರುತ್ತಿದ್ದ ಮಹಾರಾಜರ ಜಾಗಕ್ಕೆ ಚಾಮುಂಡೇಶ್ವರಿ ಬಂದಳು. ಆದರೆ ಅಂಗಡಿಯೊಂದರ ಸ್ವತ್ತಾದ ಮೆರವಣಿಗೆಗಳೂ ಜಗತ್ತಿನಲ್ಲಿವೆ ಎಂದು ಗೊತ್ತಾದಾಗ ನನಗೆ ನಗು ಬಂತು. ಆಮೇಲೆ ಓದುತ್ತ ಹೋದಂತೆ ನಗು ನಿಂತಿತು.

ಕೆನಡಾದ ಟೊರಾಂಟೊದಲ್ಲಿ ಈಟನ್ಸ್ ಎಂಬ ದೊಡ್ಡ ಅಂಗಡಿ ಇತ್ತು. ಸೂಜಿಯಿಂದ ಸೋಫಾದವರೆಗೆ ಎಲ್ಲ ಒಂದೇ ಸೂರಿನಡಿ ಸಿಗುವ, ಮಹಡಿ ಮೇಲೆ ಮಹಡಿಯ ಅಂಗಡಿ. 1905ರಲ್ಲಿ ಅವರು ಸಾಂಟಾ ಕ್ಲಾಸ್‌ನನ್ನು ರೈಲು ನಿಲ್ದಾಣದಿಂದ ತಮ್ಮ ಅಂಗಡಿಗೆ ಮೆರವಣಿಗೆಯಲ್ಲಿ ಕರೆತಂದರು. ಉದ್ದೇಶದಲ್ಲಿ ಗುಟ್ಟೇನಿಲ್ಲ. ಸಾಂಟಾ ಎಲ್ಲಿಗೆ ಹೋಗುತ್ತಾನೋ ಮಕ್ಕಳು ಅಲ್ಲಿಗೆ, ಮಕ್ಕಳು ಎಲ್ಲಿಗೆ ಹೋಗುತ್ತಾರೋ ಅಪ್ಪ ಅಮ್ಮನ ಹಣದ ಚೀಲ ಅಲ್ಲಿಗೆ. ನ್ಯೂಯಾರ್ಕಿನ ಮೇಸಿಸ್ ಅಂಗಡಿ 1924ರಲ್ಲಿ ಅದನ್ನೇ ಇನ್ನೂ ದೊಡ್ಡದಾಗಿ ಮಾಡಿತು. ಮೊದಲ ವರ್ಷ ವೇಷ ತೊಟ್ಟು ನಡೆದವರು ಅಂಗಡಿಯ ನೌಕರರೇ. ಅವರಲ್ಲಿ ಅನೇಕರು ಯುರೋಪಿನಿಂದ ಹೊಟ್ಟೆಪಾಡಿಗೆ ಬಂದವರು. ಪ್ರಾಣಿಗಳನ್ನು ಸೆಂಟ್ರಲ್ ಪಾರ್ಕಿನ ಮೃಗಾಲಯದಿಂದ ತಂದಿದ್ದರು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ನಡೆದರೂ ಅದನ್ನು ಕ್ರಿಸ್‌ಮಸ್ ಮೆರವಣಿಗೆ ಎಂದೇ ಕರೆದರು. 1927ರಿಂದ ದೈತ್ಯ ಗಾತ್ರದ ಬಲೂನುಗಳು ಬಂದವು. ಎರಡನೇ ಮಹಾಯುದ್ಧ ಬಂದಾಗ 1942ರಿಂದ 1944ರವರೆಗೆ ಮೆರವಣಿಗೆ ನಿಂತಿತು, ಬಲೂನಿನ ರಬ್ಬರ್ ಯುದ್ಧದ ಕೆಲಸಕ್ಕೆ ಹೋಯಿತು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಜಾನ್ ಮಾರ್ಟಿನ್ಸ್ ಎಂಬ ಅಂಗಡಿ 1933ರಲ್ಲಿ, ಜಗತ್ತೇ ಆರ್ಥಿಕ ಕುಸಿತದಲ್ಲಿದ್ದಾಗ, ತನ್ನ ಕ್ರಿಸ್‌ಮಸ್ ಮೆರವಣಿಗೆ ಶುರುಮಾಡಿತು.

ಕಥೆಯ ತಿರುವು ಇರುವುದು ಇಲ್ಲಿ. 1982ರಲ್ಲಿ ಈಟನ್ಸ್ ಇನ್ನು ಮೆರವಣಿಗೆ ನಮ್ಮಿಂದಾಗದು ಎಂದಿತು. ಊರಿನ ಬೇರೆ ಉದ್ದಿಮೆದಾರರು ಸೇರಿ ಹೊರೆ ಹೊತ್ತರು. 1999ರಲ್ಲಿ ಈಟನ್ಸ್ ದಿವಾಳಿಯಾಗಿ ಹೋಯಿತು. ಜಾನ್ ಮಾರ್ಟಿನ್ಸ್ 1998ರಲ್ಲಿ ಬಾಗಿಲು ಹಾಕಿತು. ಎರಡೂ ಊರುಗಳಲ್ಲಿ ಮೆರವಣಿಗೆ ಮಾತ್ರ ಉಳಿಯಿತು. ಜಾಹೀರಾತಿಗೆಂದು ಹುಟ್ಟಿದ ಮೆರವಣಿಗೆ, ಜಾಹೀರಾತು ಕೊಟ್ಟ ಅಂಗಡಿಗಿಂತ ಹೆಚ್ಚು ಬಾಳಿತು. ಏಕೆಂದರೆ ಅಷ್ಟು ವರ್ಷಗಳಲ್ಲಿ ಅದು ಅಂಗಡಿಯ ಕೈ ತಪ್ಪಿ ಊರಿನ ಮಡಿಲಿಗೆ ಬಿದ್ದಿತ್ತು.

ನಮ್ಮ ದಶಮಂಟಪ ಆ ಮಡಿಲಿನಲ್ಲೇ ಹುಟ್ಟಿದ್ದು. ಇದರ ಹಿಂದೆ ಒಂದು ಅಂಗಡಿಯಿಲ್ಲ, ನೂರಾರು ಅಂಗಡಿಗಳಿವೆ. ಸರ್ಕಾರದಿಂದ ಅನುದಾನ ಬರುತ್ತದೆ, ನಿಜ. ಆದರೆ ಅದಕ್ಕಾಗಿ ಕಾಯುತ್ತ ಕುಳಿತರೆ ರಾಕ್ಷಸನಿಗೆ ತಲೆಯೂ ಬರುವುದಿಲ್ಲ. ಮಂಟಪ ಎದ್ದು ನಿಲ್ಲುವುದು ವಂತಿಗೆಯಿಂದ. ವಂತಿಗೆ ಎಂದರೆ ರಸೀದಿ ಪುಸ್ತಕ. ರಸೀದಿ ಪುಸ್ತಕದ ಜೊತೆಗೆ ನಾನು ಕಳೆದ ಎರಡು ವರ್ಷ ಯಾವ ಕಾಲೇಜೂ ಕಲಿಸದ ಅರ್ಥಶಾಸ್ತ್ರ ಕಲಿತೆ.

ಮೊದಲ ಪಾಠ, ದಸರಾ ಬರುವುದು ಕೊಡಗಿನ ಜೇಬು ಖಾಲಿ ಇರುವಾಗ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ, ರೊಬಸ್ಟಾ ಅದರ ನಂತರ. ಮೆಣಸು ಬಿಡಿಸುವುದು ಇನ್ನೂ ಆಮೇಲೆ. ಮಳೆಗಾಲದ ಮೂರ್ನಾಲ್ಕು ತಿಂಗಳು ಅಂಗಡಿಗಳಲ್ಲಿ ವ್ಯಾಪಾರ ಕಡಿಮೆ. ಕೈಲ್‌ಪೊಳ್ದು ಮುಗಿದು, ಕಾವೇರಿ ಸಂಕ್ರಮಣ ಎದುರಿಗಿದ್ದು, ಪುತ್ತರಿಗೆ ಇನ್ನೂ ದಿನಗಳಿರುವ ಹೊತ್ತು ಅದು. ಅಂಥ ಹೊತ್ತಿನಲ್ಲಿ ಹೋಗಿ ಕೈ ಚಾಚಬೇಕು. ದೊಡ್ಡ ಅಂಗಡಿಯವರು "ಮುಂದಿನ ವಾರ ಬನ್ನಿ" ಎಂದು ಮೂರು ವಾರ ಹೇಳುತ್ತಾರೆ. ಹೂ ಮಾರುವ ಅಕ್ಕ ಹೋದ ಕೂಡಲೇ ಸೆರಗಿನ ಗಂಟು ಬಿಚ್ಚಿ ನೂರಾ ಒಂದು ರೂಪಾಯಿ ಕೊಟ್ಟು, "ರಸೀದಿಯಲ್ಲಿ ಮಗಳ ಹೆಸರು ಬರಿ, ಪರೀಕ್ಷೆಗೆ ಕೂತಿದ್ದಾಳೆ" ಅನ್ನುತ್ತಾರೆ. ಬೇಕರಿ ಇಟ್ಟುಕೊಂಡಿರುವ ಮಲೆಯಾಳಿ ಇಕ್ಕ ದುಡ್ಡಿನ ಜೊತೆ ಬನ್ನಿನ ಪೊಟ್ಟಣವನ್ನೂ ಕೊಟ್ಟು, "ರಾತ್ರಿ ಕೆಲಸ ಮಾಡೋ ಹುಡುಗರಿಗೆ" ಅನ್ನುತ್ತಾರೆ. ಯಾರು ಎಷ್ಟು ಕೊಟ್ಟರು ಎಂಬುದಕ್ಕಿಂತ ಯಾರು ಹೇಗೆ ಕೊಟ್ಟರು ಎಂಬುದೇ ನನಗೆ ನೆನಪಿದೆ.

ಎರಡನೆಯ ಪಾಠ, ಹಣ ಎಲ್ಲಿಗೆ ಹೋಗುತ್ತದೆ ಎಂಬುದು. ಎರಡು ಮೂರು ತಿಂಗಳು ಮೊದಲೇ ಸಭೆ ಸೇರಿ ಕಥೆ ಆರಿಸುತ್ತಾರೆ. ಕಥೆ ಗುಟ್ಟು. ಪಕ್ಕದ ಕೇರಿಯವರಿಗೆ ತಿಳಿಯಬಾರದು, ಆದರೆ ವಾರದೊಳಗೆ ಎಲ್ಲರಿಗೂ ತಿಳಿದಿರುತ್ತದೆ. ಆಮೇಲೆ ನಕ್ಷೆ. ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿ, ಅದರ ಮೇಲೆ ಥರ್ಮಾಕೋಲ್, ಫೈಬರ್, ಬಟ್ಟೆ, ಬಣ್ಣ. ಒಳಗೆ ಮೋಟರ್, ಗೇರು, ಜಾಕು. ರಾಕ್ಷಸ ಏಳುವಾಗ ದೇವಿಯ ಸಿಂಹ ಇಳಿಯಬೇಕು. ಎರಡೂ ಒಟ್ಟಿಗೆ ಎದ್ದರೆ ಕಥೆಯೂ ಕೆಟ್ಟಿತು, ತಂತಿಯೂ ಕಡಿಯಿತು. ದೀಪದ ದೊಡ್ಡ ಬೋರ್ಡುಗಳು ತಮಿಳುನಾಡಿನ ದಿಂಡಿಗಲ್‌ನಿಂದ ಬರುವುದುಂಟು. ಧ್ವನಿ, ಹೊಗೆಯ ಯಂತ್ರ, ಜನರೇಟರ್, ಟ್ರ್ಯಾಕ್ಟರ್, ಎಲ್ಲಕ್ಕೂ ಬಾಡಿಗೆ. ಒಂದು ರಾತ್ರಿಗಾಗಿ ಇಷ್ಟು. ಮಳೆ ಬಂದರೆ? ನಮ್ಮೂರಿನ ಅಕ್ಟೋಬರ್ ಮಳೆಯನ್ನು ಯಾರೂ ನಂಬುವುದಿಲ್ಲ. ಆದ್ದರಿಂದ ಲೆಕ್ಕದ ಪುಸ್ತಕದಲ್ಲಿ ಪ್ಲಾಸ್ಟಿಕ್ ಹಾಳೆಗೆ ಬೇರೆಯೇ ಒಂದು ಸಾಲು.

ಆ ರಾತ್ರಿ ಜನರ ಕಣ್ಣಿಗೆ ಬೀಳದ ಕೆಲಸಗಾರರೂ ಇದ್ದಾರೆ. ಉದ್ದನೆಯ ಕೋಲು ಹಿಡಿದು ರಸ್ತೆಗೆ ಅಡ್ಡ ಬಂದ ತಂತಿಗಳನ್ನು ಎತ್ತಿ ಹಿಡಿಯುವ ಹುಡುಗರು. ಇಳಿಜಾರಿನಲ್ಲಿ ಚಕ್ರಕ್ಕೆ ಮರದ ತುಂಡು ಕೊಡುತ್ತ ಟ್ರ್ಯಾಕ್ಟರಿನ ಪಕ್ಕದಲ್ಲೇ ಓಡುವವರು. ಚೌಕಿಯ ತಿರುವಿನಲ್ಲಿ ಅಷ್ಟುದ್ದದ ಮಂಟಪವನ್ನು ಒಂದೂ ಗೋಡೆಗೆ ತಾಗದಂತೆ ತಿರುಗಿಸುವ ಚಾಲಕ. ಜನ ಶಿಳ್ಳೆ ಹೊಡೆಯುವುದು ರಾಕ್ಷಸನಿಗೆ. ನಾನು ಮಾತ್ರ ಆ ತಿರುವು ದಾಟುವವರೆಗೆ ಉಸಿರು ಹಿಡಿದು ಚಕ್ರಗಳನ್ನೇ ನೋಡುತ್ತಿರುತ್ತೇನೆ.

ಮಂಟಪ ಸಮಿತಿ ಎಂದರೆ ಗಂಡು ಹುಡುಗರ ಲೋಕ ಎಂದು ಬೇರೆ ಹೇಳಬೇಕಿಲ್ಲ. ನಾನು ಪದವಿಯ ಎರಡನೆಯ ವರ್ಷದವರೆಗೂ ಮೆರವಣಿಗೆಯನ್ನು ನೋಡಿದ್ದು ಪರಿಚಯದವರ ಅಂಗಡಿಯ ಮಹಡಿಯಿಂದ, ಅದೂ ಅಮ್ಮನ ಪಕ್ಕದಲ್ಲಿ ಕುಳಿತು. "ಕೆಳಗಿನ ನೂಕುನುಗ್ಗಲಿಗೆ ಹೆಣ್ಣುಮಕ್ಕಳು ಹೋಗಬಾರದು" ಎಂಬುದು ನಮ್ಮ ಮನೆಯ ಶಾಸನ. ಅಮ್ಮನ ಹೆದರಿಕೆ ಸುಳ್ಳೇನಲ್ಲ. ಲಕ್ಷದೀಪದ ನಡುವೆಯೂ ಕತ್ತಲಿರುವ ಜಾಗಗಳು ಇರುತ್ತವೆ, ಗುಂಪಿನಲ್ಲಿ ಕೈ ಹಾಕುವವರು ಇರುತ್ತಾರೆ. ಸಮಿತಿಯ ಲೆಕ್ಕ ಬರೆಯುತ್ತಿದ್ದ ಅಣ್ಣನೊಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದಾಗ, "ಲೆಕ್ಕಕ್ಕಾದರೆ ಹುಡುಗಿ ಆಗಬಹುದು, ಮನೆಯಲ್ಲೇ ಕೂತು ಬರೀತಾಳೆ" ಎಂದು ಯಾರೋ ಹೇಳಿದರು. ಹಾಗೆ ನನಗೆ ಪುಸ್ತಕ ಬಂತು. ಮೊದಲ ವರ್ಷ ಬ್ಯಾನರಿನಲ್ಲಿ ಎಲ್ಲರ ಹೆಸರು, ಫೋಟೋ ಇತ್ತು. ನನ್ನದಿರಲಿಲ್ಲ. ಎರಡನೆಯ ವರ್ಷ ನಾನು ಬ್ಯಾನರಿನ ಬಗ್ಗೆ ಮಾತಾಡಲಿಲ್ಲ. ಮನೆಯಲ್ಲಿ ಕೂತು ಬರೆಯುವುದಿಲ್ಲ, ಮಂಟಪ ಕಟ್ಟುವ ಶೆಡ್ಡಿನಲ್ಲೇ ಕೂತು ಬರೆಯುತ್ತೇನೆ ಎಂದೆ. ಸಾಮಾನು ಬರುವುದು ಅಲ್ಲಿಗೆ, ಬಿಲ್ಲು ಬರುವುದು ಅಲ್ಲಿಗೆ, ಹಾಗಾದರೆ ಲೆಕ್ಕ ಬರೆಯುವವಳು ಮನೆಯಲ್ಲೇಕೆ? ಇದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಅಜ್ಜ ಮಾತ್ರ, "ಟಾರ್ಚು ತಗೊಂಡು ಹೋಗು" ಎಂದರು. ಆ ವರ್ಷ ನನ್ನ ಜೊತೆ ಇನ್ನಿಬ್ಬರು ಹುಡುಗಿಯರು ಬಣ್ಣ ಬಳಿಯಲು ಬಂದರು.

ಮಂಟಪ ಬೇಕೇ ಎಂಬ ಪ್ರಶ್ನೆಯೂ ನಮ್ಮೂರಿನಲ್ಲಿ ಏಳದೆ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ನಿಮಗೆಲ್ಲ ನೆನಪಿರಬಹುದು. ಮಕ್ಕಂದೂರು, ಜೋಡುಪಾಲದ ಕಡೆ ಮನೆ, ತೋಟ, ರಸ್ತೆ ಎಲ್ಲ ಮಣ್ಣಾದವು. ಮಡಿಕೇರಿ ಪಟ್ಟಣದೊಳಗೂ ಬರೆ ಜರಿದು ಮನೆಗಳು ಹೋದವು. ದಸರಾ ಎರಡೇ ತಿಂಗಳು ದೂರವಿತ್ತು. ಆಗ ನಾನಿನ್ನೂ ಓದುತ್ತಿದ್ದೆ, ಆದರೆ ನಮ್ಮ ಕೇರಿಯ ಸಭೆಯ ಮಾತು ಮನೆಯವರೆಗೆ ಬರುತ್ತಿತ್ತು. "ಜನ ಪರಿಹಾರ ಕೇಂದ್ರದಲ್ಲಿರುವಾಗ ನಮಗೆ ಹೊಗೆ, ಬೆಂಕಿ ಬೇಕಾ?" ಎಂದರು ಕೆಲವರು. "ರೋಗ ಬಂದಾಗ ಹೊತ್ತ ಹರಕೆ ಇದು, ಕಷ್ಟ ಬಂದಾಗ ಬಿಡುವುದಾ?" ಎಂದರು ಇನ್ನು ಕೆಲವರು. ನನಗೆ ಇಬ್ಬರದೂ ಸರಿ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಕೊನೆಗೆ ಆ ವರ್ಷದ ದಸರಾ ಸರಳವಾಗಿ ನಡೆಯಿತು. ಕೊರೊನಾ ಬಂದ 2020ರಲ್ಲೂ ಅಷ್ಟೇ, ಆಡಂಬರ ಇರಲಿಲ್ಲ. ನ್ಯೂಯಾರ್ಕಿನವರು ಬಲೂನಿನ ರಬ್ಬರ್ ಯುದ್ಧಕ್ಕೆ ಕೊಟ್ಟು, ಯುದ್ಧ ಮುಗಿದ ಮೇಲೆ ಮತ್ತೆ ರಸ್ತೆಗಿಳಿದದ್ದನ್ನು ಓದಿದಾಗ ನನಗೆ ಈ ವರ್ಷಗಳು ನೆನಪಾದವು. ಒಂದೆರಡು ವರ್ಷ ಸಣ್ಣದಾದರೆ ಮೆರವಣಿಗೆ ಸಾಯುವುದಿಲ್ಲ. ಯಾವಾಗ ಸಣ್ಣದಾಗಬೇಕು ಎಂದು ತಿಳಿದಿರುವ ಊರಿನಲ್ಲಿ ಅದು ಹೆಚ್ಚು ಕಾಲ ಬಾಳುತ್ತದೆ.

ಸದ್ದಿನ ವಿಷಯದಲ್ಲೂ ಇದೇ ವಿವೇಕ ಬೇಕು ಎಂಬುದು ನನ್ನ ಅನಿಸಿಕೆ. ಪಕ್ಕದ ಮಂಟಪಕ್ಕಿಂತ ನಮ್ಮದು ಜೋರಾಗಿರಬೇಕು ಎಂಬ ಪೈಪೋಟಿಯಲ್ಲಿ ಗೋಡೆ ನಡುಗುತ್ತದೆ, ಬಾಣಂತಿಯರು, ಹೃದಯ ರೋಗಿಗಳು ಇರುವ ಮನೆಯವರು ಆ ರಾತ್ರಿ ನೆಂಟರ ಮನೆಗೆ ಹೋಗಿಬಿಡುತ್ತಾರೆ. ಸ್ವಂತ ಊರಿನ ಹಬ್ಬಕ್ಕೆ ಊರು ಬಿಟ್ಟು ಹೋಗಬೇಕಾದವರ ಬಾಗಿಲಿಗೂ ನಾವು ರಸೀದಿ ಪುಸ್ತಕ ಹಿಡಿದು ಹೋಗಿರುತ್ತೇವೆ ಎಂಬುದನ್ನು ಮರೆಯಬಾರದು. ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬರು, "ಸದ್ದಿಲ್ಲದಿದ್ದರೆ ಬಹುಮಾನ ಇಲ್ಲಮ್ಮ" ಎಂದರು. ಹಾಗಾದರೆ ಅಂಕ ಹಾಕುವ ಪದ್ಧತಿಯಲ್ಲೇ ಅದಕ್ಕೊಂದು ಮಿತಿ ಇರಲಿ. ಕಥೆಗೆ, ಕಲೆಗೆ, ಚಲನೆಗೆ, ಶಿಸ್ತಿಗೆ ಅಂಕ ಹೆಚ್ಚಾದರೆ ಸದ್ದು ತಾನೇ ತಗ್ಗುತ್ತದೆ.

ಕೆಲಸ ಹುಡುಕುತ್ತಿರುವ ಗೆಳೆಯ ಗೆಳತಿಯರಿಗೆ ನನ್ನ ಸಂದರ್ಶನದ ಕಥೆ ಹೇಳಬೇಕು. ಬೆಂಗಳೂರಿನ ಒಂದು ಕಂಪನಿಯಲ್ಲಿ, "ಪದವಿ ಆಗಿ ಎರಡು ವರ್ಷ ಖಾಲಿ ಇದ್ದೀರಲ್ಲ?" ಎಂದು ಕೇಳಿದರು. ಮಂಟಪದ ಲೆಕ್ಕ ಬರೆದೆ ಎಂದೆ. ಮೇಜಿನ ಆಚೆ ಕುಳಿತಿದ್ದವರು ಮುಖ ಮುಖ ನೋಡಿಕೊಂಡರು. "ಅದು ಹಬ್ಬ ಅಲ್ವಾ, ಕೆಲಸದ ಅನುಭವ ಹೇಳಿ" ಎಂದರು. ಆ ಕೆಲಸ ನನಗೆ ಸಿಗಲಿಲ್ಲ. ಮುಂದಿನ ಸಂದರ್ಶನ ಮೈಸೂರಿನಲ್ಲಿ, ಸಣ್ಣ ಲೆಕ್ಕಪರಿಶೋಧಕರ ಕಚೇರಿ. ಈ ಸಲ ಲೆಕ್ಕದ ಪುಸ್ತಕವನ್ನೇ ಚೀಲದಲ್ಲಿ ಒಯ್ದಿದ್ದೆ. ಹಿರಿಯರು ಪುಟ ತಿರುವಿದರು. "ರಸೀದಿ ಸಂಖ್ಯೆ ನಡುವೆ ಎರಡು ಇಲ್ಲವಲ್ಲ?" ಎಂದರು. "ಮಳೆಯಲ್ಲಿ ನೆಂದು ಹಾಳಾದವು ಸರ್, ರದ್ದು ಮಾಡಿ ಕೊನೆಯ ಪುಟಕ್ಕೆ ಅಂಟಿಸಿದ್ದೇನೆ" ಎಂದೆ. ಕೊನೆಯ ಪುಟ ತೆರೆದು ನೋಡಿದರು. "ಟ್ರ್ಯಾಕ್ಟರ್ ಬಾಡಿಗೆಗೆ ಮುಂಗಡ ಕೊಟ್ಟು ಅವನು ಬರದಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳಿದರು. ಅದಕ್ಕೂ ಉತ್ತರವಿತ್ತು. ಮುಂಗಡವನ್ನು ಎರಡು ಕಂತಿನಲ್ಲಿ ಕೊಡುವ ಪದ್ಧತಿಯನ್ನು ನಾವೇ ಮಾಡಿಕೊಂಡಿದ್ದೆವು. ಆ ಕಚೇರಿಯಲ್ಲಿ ಈಗ ನಾನು ಕೆಲಸ ಮಾಡುತ್ತಿದ್ದೇನೆ. ಸಂಬಳ ದೊಡ್ಡದಲ್ಲ. ಆದರೆ ಒಳ್ಳೆಯ ಕಲಿಕೆ.

ನಿಮ್ಮ ಊರಿನಲ್ಲಿ ಮಂಟಪ ಇರದಿರಬಹುದು. ಗಣೇಶೋತ್ಸವ ಇರುತ್ತದೆ, ಜಾತ್ರೆ ಇರುತ್ತದೆ, ಉರೂಸ್ ಇರುತ್ತದೆ, ಚರ್ಚಿನ ಹಬ್ಬ ಇರುತ್ತದೆ, ಹಾಕಿ ಪಂದ್ಯಾವಳಿ ಇರುತ್ತದೆ. ಅಲ್ಲಿ ನೀವು ಮಾಡಿದ ಕೆಲಸವನ್ನು "ಸುಮ್ಮನೆ ಓಡಾಡಿದೆ" ಎಂದು ಹೇಳಬೇಡಿ. ಎಷ್ಟು ಜನರನ್ನು ಸೇರಿಸಿದಿರಿ, ಎಷ್ಟು ಹಣ ಸಂಭಾಳಿಸಿದಿರಿ, ಕೆಟ್ಟದ್ದನ್ನು ಹೇಗೆ ಸರಿಪಡಿಸಿದಿರಿ ಎಂದು ಬರೆದಿಡಿ. ಬಿಲ್ಲು ಇಡಿ, ಫೋಟೋ ಇಡಿ. ಕೆಲವರು ನಗುತ್ತಾರೆ. ಪುಟ ತಿರುವಿ ನೋಡುವವರೂ ಸಿಗುತ್ತಾರೆ.

ನನ್ನನ್ನು ಕಾಡುವ ಪ್ರಶ್ನೆ ಇದಕ್ಕಿಂತ ದೊಡ್ಡದು. ಮಂಟಪಕ್ಕೆ ಖರ್ಚಾಗುವ ಹಣದ ದೊಡ್ಡ ಪಾಲು ಊರಿನಿಂದ ಹೊರಗೆ ಹೋಗುತ್ತದೆ. ದೀಪ ಹೊರಗಿನದು, ಧ್ವನಿ ಹೊರಗಿನದು, ಎಷ್ಟೋ ಸಲ ಮೂರ್ತಿ ಮಾಡುವ ಕೈಯೂ ಹೊರಗಿನದು. ಅವರ ಕಲೆಗೆ ನಾನು ಕೈ ಮುಗಿಯುತ್ತೇನೆ. ಆದರೆ ಹತ್ತು ಮಂಟಪ ಇಲ್ಲಿ, ಗೋಣಿಕೊಪ್ಪಲಿನ ದಸರಾದಲ್ಲಿ ಇನ್ನಷ್ಟು. ಪ್ರತಿ ವರ್ಷ ತಪ್ಪದೆ ಬರುವ ಇಂಥ ಬೇಡಿಕೆ ಕೊಡಗಿನಲ್ಲಿ ಬೇರೆ ಯಾವ ಉದ್ಯೋಗಕ್ಕಿದೆ? ಬೆಸುಗೆ, ಮೋಟರ್, ಹೈಡ್ರಾಲಿಕ್ಸ್, ದೀಪ ನಿಯಂತ್ರಣ, ಧ್ವನಿ ಸಂಕಲನ, ಶಿಲ್ಪ, ಬಣ್ಣ, ಚಿತ್ರಕಥೆ. ಇವನ್ನೆಲ್ಲ ಐಟಿಐಯಲ್ಲಿ, ಪಾಲಿಟೆಕ್ನಿಕ್‌ನಲ್ಲಿ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಹುಡುಗ ಹುಡುಗಿಯರು ಜಿಲ್ಲೆಯಲ್ಲೇ ಇದ್ದಾರೆ. ಅವರಲ್ಲಿ ಹೆಚ್ಚಿನವರು ಮೆರವಣಿಗೆಯ ರಾತ್ರಿ ಕೋಲು ಹಿಡಿದು ತಂತಿ ಎತ್ತುತ್ತಾರೆ, ಬೆಳಗ್ಗೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹತ್ತು ಸಮಿತಿಗಳು ತಮ್ಮ ಖರ್ಚಿನ ಸಣ್ಣ ಪಾಲನ್ನು ಒಟ್ಟುಗೂಡಿಸಿ, ಮಳೆಗಾಲದಲ್ಲಿ ಒಂದು ತಿಂಗಳ ಕಮ್ಮಟ ನಡೆಸಿದರೆ ಸಾಕು. ಹೊರಗಿನ ಕಲಾವಿದರನ್ನೇ ಗುರುಗಳಾಗಿ ಕರೆಸಲಿ. ವರ್ಷಕ್ಕೆ ಹತ್ತು ಜನ ಕಲಿತರೂ, ಒಂದೆರಡು ವರ್ಷಗಳಲ್ಲಿ ಬೇರೆ ಊರಿನ ದಸರಾಗೆ, ಗಣೇಶೋತ್ಸವಕ್ಕೆ, ನಾಟಕಕ್ಕೆ, ಸಿನಿಮಾಕ್ಕೆ ಇಲ್ಲಿಂದ ಕಲಾವಿದರು ಹೋಗಬಹುದು.

ಈ ಮಾತನ್ನು ಕಳೆದ ವರ್ಷದ ಲೆಕ್ಕ ಮಂಡನೆಯ ಸಭೆಯಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು, ತೀರ್ಮಾನ ಆಗಲಿಲ್ಲ. ನಮ್ಮ ಸಭೆಗಳ ರೀತಿಯೇ ಹಾಗೆ. ಆದರೆ ಸಭೆ ಮುಗಿದ ಮೇಲೆ ಐಟಿಐಯಲ್ಲಿ ವೆಲ್ಡಿಂಗ್ ಓದುವ ತಮ್ಮನೊಬ್ಬ ಬಂದು, "ಅಕ್ಕಾ, ಈ ಸಲ ಸಿಂಹದ ಕತ್ತು ನಾವೇ ಮಾಡ್ತೇವೆ, ಹೊರಗೆ ಕೊಡುವುದು ಬೇಡ" ಎಂದ. ಎಷ್ಟು ಖರ್ಚಾಗಬಹುದು ಎಂದೆ. ಜೇಬಿನಿಂದ ಚೀಟಿ ತೆಗೆದ. ಕಬ್ಬಿಣ, ಮೋಟರ್, ಬೇರಿಂಗು, ಬಣ್ಣ, ಒಂದೊಂದರ ಮುಂದೆ ಬೆಲೆ ಬರೆದುಕೊಂಡೇ ಬಂದಿದ್ದ. ಕೂಡಿ ನೋಡಿದೆ. ಹಿಂದಿನ ವರ್ಷ ಹೊರಗೆ ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ ಇತ್ತು. ಚೀಟಿಯನ್ನು ಲೆಕ್ಕದ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ, ನನ್ನ ಜಾಗಕ್ಕೆ ಬಂದಿರುವ ಹುಡುಗಿಯ ಕೈಗೆ ಕೊಟ್ಟಿದ್ದೇನೆ. ಈ ಸಲ ಚೌಕಿಯ ತಿರುವಿನಲ್ಲಿ ನಾನು ಚಕ್ರಗಳ ಜೊತೆಗೆ ಸಿಂಹದ ಕತ್ತನ್ನೂ ನೋಡಬೇಕು.